ಮೂರು ಎಂಜಿನ್, ಒಂದು ವಿಮಾನ: ಜೆ-20ಕ್ಕೆ ಚೀನಾ ತನ್ನದೇ ಎಂಜಿನ್ ಕೂರಿಸಿದ ಪ್ರಕರಣ

2021ರ ಸೆಪ್ಟೆಂಬರ್ 28. ದಕ್ಷಿಣ ಚೀನಾದ ಜುಹಾಯ್‌ನಲ್ಲಿ ವಿಮಾನ ಪ್ರದರ್ಶನ ಶುರುವಾದ ದಿನ. ಜೆ-20 ಯುದ್ಧವಿಮಾನಗಳು ನೆತ್ತಿಯ ಮೇಲೆ ಹಾದುಹೋದಾಗ ವಿಷಯ ಬಲ್ಲವರು ನೋಡಿದ್ದು ಅವುಗಳ ಮೂಗನ್ನಲ್ಲ, ಬಾಲವನ್ನು. ಬಿಸಿ ಅನಿಲ ಹೊರಬರುವ ಬಾಯಿಯ ಅಂಚು ಗರಗಸದ ಹಲ್ಲಿನಂತೆ ಮೊನಚು ಮೊನಚಾಗಿತ್ತು. 2016ರ ನವೆಂಬರ್‌ನಲ್ಲಿ ಇದೇ ಜುಹಾಯ್‌ನಲ್ಲಿ ಈ ವಿಮಾನ ಮೊದಲ ಸಲ ಜನರ ಮುಂದೆ ಹಾರಿತ್ತು. ಆಗ ಆ ಅಂಚು ಹಾಗಿರಲಿಲ್ಲ. ಆಗ ಒಳಗಿದ್ದದ್ದು ರಷ್ಯಾದ ಎಂಜಿನ್. ಈಗ ಇದ್ದದ್ದು ಚೀನಾದ್ದೇ ಎಂಜಿನ್.

ನೋಡುವವರ ಕಣ್ಣಿಗೆ ಇದು ಸಣ್ಣ ಬದಲಾವಣೆ. ಅದರ ಹಿಂದೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದ ದುಡಿಮೆ ಇದೆ, ಸಾಕಷ್ಟು ಅವಮಾನವೂ ಇದೆ. ನಾನು ಇದನ್ನು ಬೆಂಗಳೂರಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಈ ಊರಿನಲ್ಲೂ ಜೆಟ್ ಎಂಜಿನ್‌ಗಾಗಿ ಅರವತ್ತು ವರ್ಷದಿಂದ ಜನ ದುಡಿದಿದ್ದಾರೆ. ಅದಕ್ಕೇ ಈ ಪ್ರಕರಣವನ್ನು ಸುಮ್ನೆ ಪಕ್ಕದ ದೇಶದ ಸುದ್ದಿ ಎಂದು ಓದಿ ಮುಂದೆ ಹೋಗಲು ನನಗೆ ಆಗುವುದಿಲ್ಲ. ನನ್ನ ಮಟ್ಟಿಗೆ ಇದರ ತಿರುಳು ಇಷ್ಟು: ಅವರು ಎಂಜಿನ್ ಬರಲಿ ಎಂದು ವಿಮಾನವನ್ನು ನಿಲ್ಲಿಸಲಿಲ್ಲ. ವಿಮಾನ ಹಾರಿತಲ್ಲ ಎಂದು ಎಂಜಿನ್ನನ್ನೂ ನಿಲ್ಲಿಸಲಿಲ್ಲ.

ಸಾಲದ ಎಂಜಿನ್‌ನಲ್ಲಿ ಮೊದಲ ಹಾರಾಟ

ಜೆ-20 ಮೊದಲು ನೆಲ ಬಿಟ್ಟಿದ್ದು 2011ರ ಜನವರಿ 11ರಂದು, ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿ. ಹಾರಿಸಿದವರು ಲಿ ಗಾಂಗ್. ವಿನ್ಯಾಸದ ಮುಖ್ಯಸ್ಥ ಯಾಂಗ್ ವೈ. ಅದೇ ಹೊತ್ತಿನಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಬೀಜಿಂಗ್‌ನಲ್ಲಿದ್ದರು. ಚೀನಾದ ಅಧ್ಯಕ್ಷ ಹು ಜಿಂಟಾವೊ ಅವರನ್ನೇ ಗೇಟ್ಸ್ ಈ ಹಾರಾಟದ ಬಗ್ಗೆ ಕೇಳಿದರು. ಮರುದಿನ ಜಗತ್ತಿನ ಪತ್ರಿಕೆಗಳೆಲ್ಲ ಆ ವಿಮಾನದ ಆಕಾರದ ಬಗ್ಗೆ ಬರೆದವು. ರಡಾರ್ ಕಣ್ಣಿಗೆ ಸುಲಭವಾಗಿ ಸಿಗದಂತೆ ಮಾಡಿದ ಮೈ, ಮುಂದೆ ಎರಡು ಕಿರುರೆಕ್ಕೆ, ಹಿಂದೆ ದೊಡ್ಡ ತ್ರಿಕೋನದ ರೆಕ್ಕೆ, ಇಪ್ಪತ್ತು ಮೀಟರ್ ದಾಟಿದ ಉದ್ದ.

ಇಷ್ಟು ದೊಡ್ಡ ವಿಮಾನಕ್ಕೆ ಅವರ ಮನಸ್ಸಿನಲ್ಲಿದ್ದ ಎಂಜಿನ್ ಡಬ್ಲ್ಯೂಎಸ್-15. ಅದು ಇನ್ನೂ ತಯಾರಾಗಿರಲಿಲ್ಲ. ತಯಾರಾಗಲು ಎಷ್ಟು ವರ್ಷ ಬೇಕು ಎಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಕೈಯಲ್ಲಿದ್ದದ್ದು ರಷ್ಯಾದ ಎಎಲ್-31. ಸುಖೋಯ್-27ಕ್ಕಾಗಿ ಸೋವಿಯತ್ ಕಾಲದಲ್ಲಿ ಹುಟ್ಟಿದ ಎಂಜಿನ್ ಅದು. ನಮ್ಮ ವಾಯುಪಡೆಯ ಸುಖೋಯ್-30ರಲ್ಲಿ ಇರುವುದೂ ಅದೇ ಕುಟುಂಬದ್ದು. ಮೂಲ ಎಎಲ್-31ರ ನೂಕುಬಲ ಸುಮಾರು 12.5 ಟನ್. ಅಮೆರಿಕದ ಎಫ್-22ರಲ್ಲಿರುವ ಎಫ್119 ಎಂಜಿನ್‌ನದು 15 ಟನ್‌ಗಿಂತ ಜಾಸ್ತಿ. ಜೆ-20ರ ಮೊದಲ ತಂಡದ ವಿಮಾನಗಳು ಹಾರಿದ್ದು ಎಎಲ್-31ರ ಸುಧಾರಿತ ರೂಪಗಳಲ್ಲಿ.

ಎಂಜಿನ್ ಕಡಿಮೆ ಬಿದ್ದರೆ ಏನಾಗುತ್ತದೆ? ವಿಮಾನ ಹಾರುತ್ತದೆ, ಶಬ್ದದ ವೇಗವನ್ನೂ ದಾಟುತ್ತದೆ. ಆದರೆ ದಾಟಬೇಕಾದರೆ ಆಫ್ಟರ್‌ಬರ್ನರ್ ಹೊತ್ತಿಸಬೇಕು. ಎಂಜಿನ್‌ನ ಬಾಲದಲ್ಲಿ ಇನ್ನಷ್ಟು ಇಂಧನ ಸುರಿದು ಉರಿಸುವ ಏರ್ಪಾಡು ಅದು. ಟ್ಯಾಂಕು ನೋಡುನೋಡುತ್ತಲೇ ಖಾಲಿಯಾಗುತ್ತದೆ. ಹಿಂದೆ ಬೆಂಕಿಯ ಉದ್ದ ನಾಲಿಗೆ ಚಾಚುತ್ತದೆ. ರಡಾರ್‌ಗೆ ಕಾಣದ ವಿಮಾನ ಬಿಸಿ ಹುಡುಕುವ ಉಪಕರಣಕ್ಕೆ ದೂರದಿಂದಲೇ ಸಿಕ್ಕಿಬೀಳುತ್ತದೆ. ಎಫ್-22 ಆಫ್ಟರ್‌ಬರ್ನರ್ ಇಲ್ಲದೆಯೇ ಶಬ್ದದ ಒಂದೂವರೆ ಪಟ್ಟು ವೇಗದಲ್ಲಿ ಸಾಗಬಲ್ಲದು. ಇದಕ್ಕೆ ಸೂಪರ್‌ಕ್ರೂಸ್ ಎನ್ನುತ್ತಾರೆ. ಚೆಂಗ್ಡುವಿನ ವಿನ್ಯಾಸಕಾರರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕಡಿಮೆ ಬಲದ ಎಂಜಿನ್ ಕಟ್ಟಿ ಹಾರಿಸಿದರು.

ಇಡೀ ಪ್ರಕರಣದಲ್ಲಿ ಅತಿ ಮುಖ್ಯ ತೀರ್ಮಾನ ಇದೇ ಎಂದು ನಾನು ತಿಳಿದಿದ್ದೇನೆ. 2011ರಿಂದಲೇ ಹಾರಿಸಿದ್ದರಿಂದ ವಿಮಾನದ ಉಳಿದ ಭಾಗವೆಲ್ಲ ಪಳಗಿತು. ರಡಾರ್, ಮೈಗೆ ಬಳಿಯುವ ಲೇಪ, ಹಾರಾಟ ನಿಯಂತ್ರಿಸುವ ಸಾಫ್ಟ್‌ವೇರ್, ಆಯುಧದ ಗೂಡಿನ ಬಾಗಿಲು, ಕಾರ್ಖಾನೆಯ ಜೋಡಣಾ ಸಾಲು, ನೆಲದ ಮೇಲಿನ ಮೆಕ್ಯಾನಿಕ್‌ಗಳ ಕೈ, ಎಲ್ಲವೂ. 2017ರ ಸೆಪ್ಟೆಂಬರ್‌ನಲ್ಲಿ ವಿಮಾನ ಸೇನೆಗೆ ಸೇರಿದೆ ಎಂದು ಚೀನಾದ ರಕ್ಷಣಾ ಇಲಾಖೆ ಹೇಳಿತು. 2018ರ ಫೆಬ್ರವರಿಯಲ್ಲಿ ಯುದ್ಧದ ತುಕಡಿಗೇ ಸೇರಿತು. ಸರಿಯಾದ ಎಂಜಿನ್ ಬರುವ ಹೊತ್ತಿಗೆ ಅದನ್ನು ಕೂರಿಸಲು ಪಳಗಿದ ವಿಮಾನವೊಂದು ಕಾಯುತ್ತಿತ್ತು.

ಬೆರಳುದ್ದದ ಬ್ಲೇಡು

ರಾಕೆಟ್ ಮಾಡುವ ದೇಶಕ್ಕೆ, ಹೈಸ್ಪೀಡ್ ರೈಲು ಓಡಿಸುವ ದೇಶಕ್ಕೆ ಒಂದು ವಿಮಾನದ ಎಂಜಿನ್ ಇಷ್ಟು ವರ್ಷ ಯಾಕೆ ಕೈಕೊಟ್ಟಿತು? ಉತ್ತರ ಬೇಕಾದರೆ ಎಂಜಿನ್‌ನ ಒಳಗೆ ಹೋಗಿ ಒಂದೇ ಒಂದು ಬ್ಲೇಡನ್ನು ನೋಡಬೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಜೆಟ್ ಎಂಜಿನ್ ಮುಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಅದನ್ನು ಒತ್ತಿ ಒತ್ತಿ ಕಿರಿದು ಮಾಡುತ್ತದೆ. ಇಂಧನ ಸೇರಿಸಿ ಉರಿಸುತ್ತದೆ. ಆ ಬೆಂಕಿಗಾಳಿ ಹಿಂದಕ್ಕೆ ಧಾವಿಸುವಾಗ ಮೊದಲು ಎದುರಾಗುವ ಚಕ್ರವೇ ಟರ್ಬೈನ್. ಅದರ ಅಂಚಿನಲ್ಲಿ ಬೆರಳುದ್ದದ ಬ್ಲೇಡುಗಳು ಸಾಲಾಗಿ ಕೂತಿರುತ್ತವೆ. ಈಗಿನ ಯುದ್ಧವಿಮಾನಗಳಲ್ಲಿ ಆ ಗಾಳಿಯ ಬಿಸಿ 1,600 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬ್ಲೇಡು ಮಾಡುವ ನಿಕ್ಕಲ್ ಮಿಶ್ರಲೋಹ ಕರಗುವುದು ಸುಮಾರು 1,350 ಡಿಗ್ರಿಯಲ್ಲಿ. ಅಂದರೆ ತಾನು ಕರಗುವ ಬಿಸಿಗಿಂತ ಹೆಚ್ಚಿನ ಬಿಸಿಯಲ್ಲಿ ಆ ಲೋಹ ಕೆಲಸ ಮಾಡಬೇಕು. ಅದೂ ಸುಮ್ನೆ ನಿಂತುಕೊಂಡಲ್ಲ, ನಿಮಿಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಸುತ್ತು ತಿರುಗುತ್ತಾ. ಆ ತಿರುಗುವಿಕೆಯಲ್ಲಿ ಒಂದೊಂದು ಬ್ಲೇಡನ್ನೂ ಟನ್‌ಗಟ್ಟಲೆ ಬಲ ಹೊರಕ್ಕೆ ಎಳೆಯುತ್ತಿರುತ್ತದೆ.

ಇದಕ್ಕೆ ಮೂರು ಉಪಾಯ ಇವೆ. ಬ್ಲೇಡನ್ನು ಟೊಳ್ಳಾಗಿ ಮಾಡಿ ಒಳಗೆ ತಣ್ಣನೆಯ ಗಾಳಿ ಓಡಿಸುವುದು ಒಂದು. ಮೈಮೇಲಿನ ಕಿರುತೂತುಗಳಿಂದ ಆ ಗಾಳಿ ಹೊರಬಂದು ತೆಳುವಾದ ಪರದೆಯಂತೆ ಬ್ಲೇಡನ್ನು ಸುತ್ತಿಕೊಳ್ಳುತ್ತದೆ. ಕೂದಲೆಳೆಯಷ್ಟು ತೆಳುವಾದ ಪಿಂಗಾಣಿ ಜಾತಿಯ ಲೇಪ ಬಳಿಯುವುದು ಇನ್ನೊಂದು. ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು. ಇಡೀ ಬ್ಲೇಡನ್ನು ಒಂದೇ ಹರಳಾಗಿ ಬೆಳೆಸುವುದು.

ಸಾಮಾನ್ಯ ಲೋಹ ತಣ್ಣಗಾಗುವಾಗ ಸಾವಿರಾರು ಸಣ್ಣ ಹರಳುಗಳಾಗಿ ಗಟ್ಟಿಯಾಗುತ್ತದೆ. ಹರಳು ಹರಳಿನ ನಡುವೆ ಗಡಿ ಇರುತ್ತದೆ. ಬಿಸಿ ಮತ್ತು ಎಳೆತ ಒಟ್ಟಿಗೆ ಬಂದಾಗ ಲೋಹ ಬಿಟ್ಟುಕೊಡುವುದು ಆ ಗಡಿಗಳಲ್ಲೇ. ಗಡಿಯೇ ಇಲ್ಲದಂತೆ ಮಾಡಿದರೆ? ಅದಕ್ಕೆ ಮೊದಲು ಮೇಣದಲ್ಲಿ ಬ್ಲೇಡಿನ ಆಕಾರ ಮಾಡುತ್ತಾರೆ. ಅದರ ಮೇಲೆ ಪಿಂಗಾಣಿ ಮಣ್ಣಿನ ಪದರ ಕಟ್ಟುತ್ತಾರೆ. ಮೇಣ ಕರಗಿಸಿ ತೆಗೆದು ಲೋಹ ಹೊಯ್ಯುತ್ತಾರೆ. ನಮ್ಮ ಕಡೆ ಪಂಚಲೋಹದ ವಿಗ್ರಹ ಎರಕ ಹೊಯ್ಯುವವರ ಹಳೆಯ ಉಪಾಯವೇ ಇದು, ಅಲ್ವಾ? ಬೇರೆಯಾಗುವುದು ಆಮೇಲೆ. ಅಚ್ಚನ್ನು ಕುಲುಮೆಯಿಂದ ನಿಮಿಷಕ್ಕೆ ಕೆಲವೇ ಮಿಲಿಮೀಟರ್‌ನಂತೆ ಕೆಳಗೆ ಇಳಿಸುತ್ತಾರೆ. ಲೋಹ ಕೆಳಗಿನಿಂದ ಗಟ್ಟಿಯಾಗುತ್ತಾ ಬರುತ್ತದೆ. ಅಚ್ಚಿನ ಬುಡದಲ್ಲಿ ಹಂದಿಯ ಬಾಲದಂತೆ ಸುರುಳಿಯಾದ ಸಣ್ಣ ದಾರಿ ಇರುತ್ತದೆ. ಅದರಲ್ಲಿ ತೂರಿ ಮೇಲೆ ಬರಲು ಒಂದೇ ಒಂದು ಹರಳಿಗೆ ಜಾಗ. ಆ ಒಂದು ಹರಳೇ ಬೆಳೆದು ಇಡೀ ಬ್ಲೇಡಾಗುತ್ತದೆ. ಕುಲುಮೆಯ ಬಿಸಿ ಸ್ವಲ್ಪ ಏರುಪೇರಾದರೂ ಇನ್ನೊಂದು ಹರಳು ಹುಟ್ಟಿಕೊಳ್ಳುತ್ತದೆ. ಆಗ ಆ ಬ್ಲೇಡು ಕಸಕ್ಕೆ.

ಪ್ರಯೋಗಾಲಯದಲ್ಲಿ ಒಂದು ಒಳ್ಳೆಯ ಬ್ಲೇಡು ಮಾಡಬಹುದು. ಸಾವಿರಾರು ಬ್ಲೇಡುಗಳನ್ನು ಒಂದರಂತೆ ಒಂದು ಮಾಡುವುದು ಬೇರೆಯೇ ಮಾತು. ಅದರ ಜ್ಞಾನ ನಕ್ಷೆಯ ಹಾಳೆಯಲ್ಲಿ ಇರುವುದಿಲ್ಲ. ಕುಲುಮೆಯ ಮುಂದೆ ನಿಂತವರ ಕಣ್ಣಲ್ಲಿ, ಕೈಯಲ್ಲಿ ಇರುತ್ತದೆ.

ಚೀನಾದಲ್ಲಿ ಈ ಕೆಲಸದ ಬೇರು ಹಳೆಯದು. ಶಿ ಚಾಂಗ್‌ಶು ಎಂಬ ಲೋಹ ವಿಜ್ಞಾನಿ 1955ರಲ್ಲಿ ಅಮೆರಿಕದಿಂದ ಊರಿಗೆ ಮರಳಿದರು. 1960ರ ದಶಕದ ನಡುವೆ, ಹೊರಗಿನ ಸಹಾಯವೆಲ್ಲ ನಿಂತಿದ್ದ ಕಾಲದಲ್ಲಿ, ಒಳಗೆ ಒಂಬತ್ತು ಸಣ್ಣ ಕೊಳವೆಗಳಿದ್ದ ಟೊಳ್ಳು ಬ್ಲೇಡನ್ನು ಶೆನ್ಯಾಂಗ್‌ನಲ್ಲಿ ಎರಕ ಹೊಯ್ಯಿಸಿದರು. ಅವರಿಗೆ ದೇಶದ ಅತಿ ದೊಡ್ಡ ವಿಜ್ಞಾನ ಪ್ರಶಸ್ತಿ ಕೈಗೆ ಬಂದಾಗ ವಯಸ್ಸು ತೊಂಬತ್ತು ದಾಟಿತ್ತು. ಅದು 2011ರ ಜನವರಿ, ಜೆ-20 ಮೊದಲ ಸಲ ಹಾರಿದ ವಾರವೇ. ಒಂಟಿ ಹರಳಿನ ಬ್ಲೇಡಿಗೆ ಬೇಕಾದ ಡಿಡಿ6 ಎಂಬ ಮಿಶ್ರಲೋಹ ಬಂದದ್ದು ಬೀಜಿಂಗ್‌ನ ವಿಮಾನ ಲೋಹಗಳ ಸಂಸ್ಥೆಯಿಂದ. ಅದರಲ್ಲಿ ರೀನಿಯಂ ಎಂಬ ಅಪರೂಪದ ಲೋಹ ನೂರಕ್ಕೆ ಎರಡು ಭಾಗ ಇರುತ್ತದೆ.

ತೈಹಾಂಗ್‌ನ ಕೆಟ್ಟ ವರ್ಷಗಳು

ಚೀನಾದ ಎಂಜಿನ್‌ಗಳಿಗೆ ಬೆಟ್ಟಗಳ ಹೆಸರು. ಕುನ್‌ಲುನ್, ಚಿನ್‌ಲಿಂಗ್, ತೈಹಾಂಗ್, ಎಮೈ. ನಮ್ಮದಕ್ಕೆ ನದಿಯ ಹೆಸರು, ಕಾವೇರಿ. ಚಿನ್‌ಲಿಂಗ್ ಹುಟ್ಟಿದ್ದು ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪನಿಯ ಸ್ಪೇ ಎಂಜಿನ್‌ನಿಂದ. 1975ರಲ್ಲಿ ಅದರ ತಯಾರಿಕೆಗೆ ಪರವಾನಗಿ ಕೊಂಡಿದ್ದರು. ಅದಕ್ಕೂ ಮೊದಲು ತಾವೇ ಮಾಡಲು ಹೊರಟ ಡಬ್ಲ್ಯೂಎಸ್-6 ಇಪ್ಪತ್ತು ವರ್ಷ ಎಳೆದಾಡಿ 1980ರ ದಶಕದಲ್ಲಿ ನಿಂತುಹೋಯಿತು. ಕೂರಿಸಬೇಕಿದ್ದ ವಿಮಾನವೇ ರದ್ದಾಗಿತ್ತು. ಎಂಜಿನ್ನೂ ಅದರ ಜೊತೆ ಹೋಯಿತು.

ಡಬ್ಲ್ಯೂಎಸ್-10, ಅಂದರೆ ತೈಹಾಂಗ್, ಶುರುವಾದದ್ದು 1980ರ ದಶಕದ ದ್ವಿತೀಯಾರ್ಧದಲ್ಲಿ, ಶೆನ್ಯಾಂಗ್‌ನ 606 ಎಂಬ ಅಂಕಿಯ ಸಂಸ್ಥೆಯಲ್ಲಿ. ಅಮೆರಿಕದಿಂದ 1980ರ ದಶಕದ ಆರಂಭದಲ್ಲಿ ಕೊಂಡ ಪ್ರಯಾಣಿಕ ವಿಮಾನದ ಸಿಎಫ್‌ಎಂ56 ಎಂಜಿನ್‌ಗಳಿಂದ ಅದರ ತಿರುಳಿಗೆ ದಾರಿ ಸಿಕ್ಕಿತು ಎಂದು ಬಹಳ ಜನ ತಜ್ಞರು ಬರೆದಿದ್ದಾರೆ. 2000ರ ದಶಕದ ಮೊದಲ ವರ್ಷಗಳಲ್ಲಿ ಸುಖೋಯ್-27 ಮಾದರಿಯ ವಿಮಾನದಲ್ಲಿ ಹಾರಿಸಿ ನೋಡಿದರು. ಅದೇ ದಶಕದ ನಡುವೆ ಎಂಜಿನ್ ಪಾಸಾಯಿತು. ಸುಖೋಯ್-27ರ ಚೀನಾ ರೂಪವಾದ ಜೆ-11ಬಿಯಲ್ಲಿ ಕೂರಿಸಿದರು.

ಅಲ್ಲಿಂದ ಶುರುವಾಯಿತು ಗೋಳು. ಎಂಜಿನ್ ವೇಗ ಏರಲು ತಡ ಮಾಡುತ್ತಿತ್ತು. ನೂಕುಬಲ ಹೇಳಿದಷ್ಟು ಬರುತ್ತಿರಲಿಲ್ಲ. ಬಾಳಿಕೆಯಂತೂ ತೀರಾ ಕಡಿಮೆ. ರಷ್ಯಾದ ಎಎಲ್-31 ನಾಲ್ಕು ನೂರು ಗಂಟೆ ಓಡಿ ರಿಪೇರಿಗೆ ಬರುತ್ತಿದ್ದಾಗ, ತೈಹಾಂಗ್ ಮೂವತ್ತು ಗಂಟೆಗೇ ಬಿಚ್ಚಬೇಕಾಗುತ್ತಿತ್ತು ಎಂದು 2010ರಲ್ಲಿ ವರದಿಯಾಗಿತ್ತು. ಚೀನಾದ ವಿಮಾನ ಉದ್ಯಮ ನಿಗಮದ ಮುಖ್ಯಸ್ಥ ಲಿನ್ ಜುವೊಮಿಂಗ್ ಅವರೇ 2009ರಲ್ಲಿ ಈ ಎಂಜಿನ್‌ನ ಗುಣಮಟ್ಟ ತೃಪ್ತಿ ಕೊಟ್ಟಿಲ್ಲ ಎಂದು ಹೊರಗೆ ಒಪ್ಪಿಕೊಂಡರು. ಕೆಲವು ಜೆ-11ಬಿಗಳಿಗೆ ಮತ್ತೆ ರಷ್ಯಾದ ಎಂಜಿನ್ ಹಾಕಬೇಕಾಯಿತು. ನಮ್ಮ ವಿಮಾನಗಳಿಗೆ ಹೃದಯದ ಕಾಯಿಲೆ ಎಂದು ಚೀನಾದ ಜನ ಹೇಳಿಕೊಳ್ಳುತ್ತಿದ್ದ ಕಾಲ ಅದು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಆಗುವುದೇನು? ವಾಯುಪಡೆ ಕೈಚೆಲ್ಲುತ್ತದೆ. ಹೊರಗಿನ ಎಂಜಿನ್ ಸಿಗುತ್ತಿರುವಾಗ ಇದ್ಯಾಕೆ ಎನ್ನುತ್ತದೆ. ಆ ಮಾತು ತಪ್ಪೂ ಅಲ್ಲ. ಹಾರುವುದು ಪೈಲಟ್, ಜೀವ ಅವನದು. ಚೀನಾ ಇಲ್ಲಿ ಮಾಡಿದ್ದನ್ನು ಗಮನಿಸಬೇಕು. ರಷ್ಯಾದಿಂದ ಎಂಜಿನ್ ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಒಂದೇ ಎಂಜಿನ್‌ನ ಜೆ-10ಕ್ಕೆ ವರ್ಷಗಟ್ಟಲೆ ಎಎಲ್-31 ಅನ್ನೇ ಹಾಕಿದರು. ಅದು ಆಕಾಶದಲ್ಲಿ ನಿಂತರೆ ಇನ್ನೊಂದು ಎಂಜಿನ್ ಇಲ್ಲವಲ್ಲ. ತೈಹಾಂಗ್‌ಗೆ ಎರಡು ಎಂಜಿನ್‌ನ ಜೆ-11ಬಿ, ಆಮೇಲೆ ಜೆ-16 ಕೊಟ್ಟರು. ಒಂದು ಕೈಕೊಟ್ಟರೂ ಇನ್ನೊಂದರಲ್ಲಿ ಮನೆಗೆ ಬರಬಹುದು. ಅಲ್ಲಿ ನೂರಾರು ಎಂಜಿನ್‌ಗಳು ದಿನಾ ಹಾರಿದವು, ಕೆಟ್ಟವು, ಬಿಚ್ಚಿಕೊಂಡವು, ಮತ್ತೆ ಕಟ್ಟಿಸಿಕೊಂಡವು. ಕೆಟ್ಟ ಎಂಜಿನ್ ಕಲಿಸುವುದನ್ನು ಪರೀಕ್ಷೆಯ ಗೂಟಕ್ಕೆ ಕಟ್ಟಿದ ಎಂಜಿನ್ ಕಲಿಸುವುದಿಲ್ಲ.

ನಂಬಿಕೆ ಬಂದ ಮೇಲೆಯೇ ತೈಹಾಂಗ್ ಜೆ-10ಕ್ಕೆ ಹೋಯಿತು. 2018ರ ಜುಹಾಯ್ ಪ್ರದರ್ಶನದಲ್ಲಿ ಬಾಯಿ ತಿರುಗಿಸಬಲ್ಲ ತೈಹಾಂಗ್ ಕಟ್ಟಿದ ಜೆ-10ಬಿ ಆಕಾಶದಲ್ಲಿ ಮೂಗೆತ್ತಿ ನಿಂತಿತು. ಒಂಟಿ ಎಂಜಿನ್‌ನ ವಿಮಾನದಲ್ಲಿ ಅಂಥ ಆಟ ಆಡಬೇಕಾದರೆ ಎಂಜಿನ್ ಮೇಲೆ ಎಷ್ಟು ಭರವಸೆ ಬೇಕು! ಬಳಿಕ ಜೆ-10ಸಿಗೆ ಅದೇ ಎಂಜಿನ್ ಬಂತು. ಜೆ-20ರ ಸರದಿ ಬಂದದ್ದು ಇಷ್ಟೆಲ್ಲ ಆದ ಮೇಲೆ.

ಈ ದಾರಿಯಲ್ಲಿ ಎಲ್ಲವೂ ನೇರವಾಗಿ ನಡೆಯಿತು ಎಂದು ನಾನು ಹೇಳುವುದಿಲ್ಲ. 2022ರಲ್ಲಿ ಅಮೆರಿಕದ ನ್ಯಾಯಾಲಯ ಚೀನಾದ ಗುಪ್ತಚರ ಅಧಿಕಾರಿಯೊಬ್ಬನಿಗೆ 20 ವರ್ಷ ಶಿಕ್ಷೆ ಕೊಟ್ಟಿತು. ಜನರಲ್ ಎಲೆಕ್ಟ್ರಿಕ್‌ನ ಎಂಜಿನ್ ಗುಟ್ಟು ಕದಿಯಲು ಯತ್ನಿಸಿದ ಕೇಸು ಅದು. ಆದರೆ ಕದ್ದೇ ಎಲ್ಲ ಮಾಡಿದರು ಎನ್ನುವ ಮಾತು ಅರ್ಧ ಸತ್ಯ. ಹಾಗಿದ್ದರೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಬದಲಿಸುವುದು ಅಂದರೆ ಕಳಚಿ ಜೋಡಿಸುವುದಲ್ಲ

ಹಳೆಯ ಬೋರ್‌ವೆಲ್ ಮೋಟಾರು ತೆಗೆದು ಹೊಸದು ಇಳಿಸಿದಂತೆ ಇದು ಆಗುವುದಿಲ್ಲ. ಹೊಸ ಎಂಜಿನ್ ಸೆಕೆಂಡಿಗೆ ಎಳೆಯುವ ಗಾಳಿಯ ಅಳತೆ ಬೇರೆ. ಗಾಳಿ ಬರುವ ದಾರಿ ಅದಕ್ಕೆ ಹೊಂದಬೇಕು. ತೂಕ ಕೆಲವು ಕಿಲೋ ಆಚೀಚೆ ಆದರೂ ವಿಮಾನದ ಸಮತೋಲ ಬದಲಾಗುತ್ತದೆ. ಜನರೇಟರ್, ಪಂಪು ತಿರುಗಿಸುವ ಗೇರ್‌ಬಾಕ್ಸ್ ಎಲ್ಲಿದೆ ಎನ್ನುವುದೂ ಮುಖ್ಯ. ಎಎಲ್-31 ಅನ್ನು ಜೆ-10ಕ್ಕೆ ಹೊಂದಿಸಲು ರಷ್ಯನ್ನರು ಆ ಗೇರ್‌ಬಾಕ್ಸನ್ನು ಎಂಜಿನ್‌ನ ಕೆಳಭಾಗಕ್ಕೆ ಇಳಿಸಿ ಬೇರೆ ರೂಪವನ್ನೇ ಮಾಡಬೇಕಾಯಿತು. ಇನ್ನು ಎಂಜಿನ್‌ನ ಕಂಪ್ಯೂಟರ್ ವಿಮಾನದ ಕಂಪ್ಯೂಟರ್ ಜೊತೆ ಮಾತಾಡಬೇಕು. ಬೇರೆಯವರ ಎಂಜಿನ್‌ನಲ್ಲಿ ಆ ಸಾಫ್ಟ್‌ವೇರಿನ ಒಂದು ಸಾಲು ಬದಲಿಸಲೂ ಅವರನ್ನೇ ಕೇಳಬೇಕು. ಸ್ವಂತ ಎಂಜಿನ್‌ನ ದೊಡ್ಡ ಲಾಭ ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಗರಗಸದ ಹಲ್ಲಿನ ಬಾಯಿಯೂ ಅಂಥದ್ದೇ. ನೇರ ಅಂಚಿಗೆ ಬಿದ್ದ ರಡಾರ್ ಅಲೆ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಮೊನಚು ಅಂಚು ಅದನ್ನು ಬೇರೆ ಕಡೆಗೆ ಚದುರಿಸುತ್ತದೆ. ಎಂಜಿನ್ ತಮ್ಮದೇ ಆದ್ದರಿಂದ ಬಾಯಿಯನ್ನೂ ತಮ್ಮ ವಿಮಾನಕ್ಕೆ ತಕ್ಕಂತೆ ಮಾಡಿಕೊಂಡರು. ಜೆ-20ಕ್ಕೆ ಹಾಕಿದ ತೈಹಾಂಗ್ ರೂಪ, ಡಬ್ಲ್ಯೂಎಸ್-10ಸಿ, ಸುಮಾರು 14 ಟನ್ ವರ್ಗದ್ದು ಎಂಬ ಅಂದಾಜಿದೆ. ಬಲದಲ್ಲಿ ಭಾರಿ ನೆಗೆತವೇನೂ ಅಲ್ಲ. ಆದರೆ ಆಮೇಲೆ ಚೆಂಗ್ಡು ಕಾರ್ಖಾನೆ ವಿಮಾನ ಹೊರಬಿಡುವ ವೇಗ ಮಾಸ್ಕೋದ ಎಂಜಿನ್ ಸರಬರಾಜಿಗೆ ಕಾಯಬೇಕಾಗಲಿಲ್ಲ. ಈಗ ಜೆ-20ಗಳ ಲೆಕ್ಕ 200 ದಾಟಿದೆ ಎಂದು ಹೊರಗಿನ ತಜ್ಞರು ಅಂದಾಜು ಮಾಡುತ್ತಾರೆ.

ಎಮೈ

ಇನ್ನು ಮೂರನೆಯ ಎಂಜಿನ್. ಡಬ್ಲ್ಯೂಎಸ್-15, ಎಮೈ. ಚೆಂಗ್ಡುವಿನಿಂದ ಅಷ್ಟೇನೂ ದೂರವಿಲ್ಲದ ಎಮೈ ಬೆಟ್ಟದ ಹೆಸರು ಅದಕ್ಕೆ. ಜೆ-20 ಕಾಗದದ ಮೇಲೆ ಇದ್ದಾಗಿನಿಂದ ಕಾಯುತ್ತಿದ್ದುದು ಇದಕ್ಕೇ. ಸುಮಾರು 18 ಟನ್ ನೂಕುಬಲದ ಗುರಿ. ಅಷ್ಟು ಬಲ ಬಂದರೆ ಆಫ್ಟರ್‌ಬರ್ನರ್ ಇಲ್ಲದೆ ಶಬ್ದದ ವೇಗ ಮೀರಿ ಸಾಗುವ ಕನಸು ಕೈಗೆಟಕುತ್ತದೆ.

2016ರ ಆಗಸ್ಟ್‌ನಲ್ಲಿ ಚೀನಾ ಎಂಜಿನ್ ಕೆಲಸವನ್ನೆಲ್ಲ ವಿಮಾನ ಕಂಪನಿಯ ಕೈಯಿಂದ ಬಿಡಿಸಿ ಹೊಸ ನಿಗಮಕ್ಕೆ ಒಪ್ಪಿಸಿತು. ಬಂಡವಾಳ 50 ಬಿಲಿಯನ್ ಯುವಾನ್. ಕೆಲಸಗಾರರು ಸುಮಾರು 96,000. ನನಗೆ ಈ ಸಂಖ್ಯೆಗಿಂತ ಆ ಬೇರ್ಪಡಿಸುವಿಕೆ ದೊಡ್ಡದಾಗಿ ಕಾಣುತ್ತದೆ. ಡಬ್ಲ್ಯೂಎಸ್-6 ಸತ್ತಿದ್ದು ವಿಮಾನಕ್ಕೆ ಕಟ್ಟಿಹಾಕಿಸಿಕೊಂಡಿದ್ದರಿಂದ. ಈಗ ಎಂಜಿನ್‌ಗೆ ತನ್ನದೇ ಮನೆ, ತನ್ನದೇ ದುಡ್ಡು.

2022ರ ಕೊನೆಗೆ ಜೆ-20ಎ ಎಂಬ ಹೊಸ ರೂಪದ ಚಿತ್ರ ಹೊರಬಂತು. ಪೈಲಟ್‌ನ ಗಾಜಿನ ಹಿಂದೆ ಬೆನ್ನು ಸ್ವಲ್ಪ ಉಬ್ಬಿತ್ತು. 2023ರ ಮಾರ್ಚ್‌ನಲ್ಲಿ ಬೀಜಿಂಗ್‌ನ ಅದೇ ವಿಮಾನ ಲೋಹಗಳ ಸಂಸ್ಥೆಯ ಜಾಂಗ್ ಯೊಂಗ್ ಒಂದು ಸಭೆಯಲ್ಲಿ ಮಾತನಾಡಿ, ಡಬ್ಲ್ಯೂಎಸ್-15ರ ತೊಡಕುಗಳು ಬಗೆಹರಿದಿವೆ, ತಯಾರಿಕೆಗೆ ಸಿದ್ಧ ಎಂದರು. ಲೋಹದವರು ಆ ಮಾತು ಹೇಳಿದ್ದಕ್ಕೆ ತೂಕ ಜಾಸ್ತಿ. ಗಂಟು ಇದ್ದದ್ದೇ ಲೋಹದಲ್ಲಲ್ವಾ. ಜೂನ್ ಕೊನೆಗೆ ಎರಡೂ ಕಡೆ ಹೊಸ ಎಂಜಿನ್ ಕಟ್ಟಿದ ಜೆ-20ಎ ಹಾರುತ್ತಿರುವ ಚಿತ್ರಗಳು ಹರಿದಾಡಿದವು. 2025ರ ಸೆಪ್ಟೆಂಬರ್ 3ರಂದು ಬೀಜಿಂಗ್‌ನ ಮೆರವಣಿಗೆಯಲ್ಲಿ ಜೆ-20ಎ ಸೇನೆಯ ವಿಮಾನವಾಗಿಯೇ ಹಾರಿತು. ಮೊದಲ ಹಾರಾಟದಿಂದ ಇಲ್ಲಿಗೆ ಹದಿನಾಲ್ಕು ವರ್ಷ ದಾಟಿತ್ತು.

ಎಮೈ ಎಷ್ಟು ಗಂಟೆ ಬಾಳುತ್ತದೆ, ಎಷ್ಟಕ್ಕೊಮ್ಮೆ ಬಿಚ್ಚಬೇಕು ಎಂಬ ಲೆಕ್ಕವನ್ನು ಚೀನಾ ಪ್ರಕಟಿಸುವುದಿಲ್ಲ. ತೈಹಾಂಗ್ ಪಾಸಾದ ಮೇಲೂ ಹಲವು ವರ್ಷ ಗೋಳಾಡಿತ್ತು. ಹಾಗಾಗಿ ಮೆರವಣಿಗೆಯ ದಿನ ಹಾರಿದ್ದನ್ನೇ ಎಂಜಿನ್ ಪಕ್ವವಾಯಿತು ಎಂದು ಓದಬಾರದು.

ಅದೇ ಪಾಠಕ್ಕೆ ಬೆಂಗಳೂರಿನ ಪುಟ

1961ರ ಜೂನ್ 17ರಂದು ಬೆಂಗಳೂರಿನ ಎಚ್‌ಎಎಲ್‌ನಿಂದ ಎಚ್‌ಎಫ್-24 ಮಾರುತ್ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ನಮ್ಮ ಎಂಜಿನಿಯರ್‌ಗಳ ಜೊತೆ ಕೂತು ಮಾಡಿದ ವಿನ್ಯಾಸ. ಮೈ ಶಬ್ದದ ಎರಡು ಪಟ್ಟು ವೇಗದ ಆಸೆಗೆ ತಕ್ಕಂತಿತ್ತು. ಕೂರಿಸಬೇಕಿದ್ದ ಬಲವಾದ ಆರ್ಫಿಯಸ್ ಎಂಜಿನ್ ಬ್ರಿಟನ್ನಿನಲ್ಲಿ ನಿಂತುಹೋಯಿತು. ಅದನ್ನು ಮುಂದುವರಿಸಲು ಬೇಕಾದ ದುಡ್ಡು ಕೊಡಲು ನಾವೂ ಮುಂದೆ ಬರಲಿಲ್ಲ. ಕೊನೆಗೆ ಸಣ್ಣ ಆರ್ಫಿಯಸ್ 703ರಲ್ಲೇ 147 ಮಾರುತ್‌ಗಳು ಹಾರಿದವು. 1971ರ ಯುದ್ಧದಲ್ಲಿ ಚೆನ್ನಾಗಿಯೇ ಹೋರಾಡಿದವು. ಆದರೆ ಆ ಮೈಗೆ ತಕ್ಕ ಹೃದಯ ಕೊನೆಗೂ ಬರಲಿಲ್ಲ. ಸಾಲದ ಎಂಜಿನ್‌ನಲ್ಲಿ ಹಾರಿಸಿದ್ದು ತಪ್ಪಲ್ಲ, ಚೀನಾ ಮಾಡಿದ್ದೂ ಅದನ್ನೇ. ಹಾರುತ್ತಿರುವಾಗಲೇ ಮುಂದಿನ ಎಂಜಿನ್‌ಗೆ ದುಡ್ಡು, ಜನ ಹಾಕದೆ ಹೋದದ್ದು ನಮ್ಮ ನಷ್ಟ.

ಪ್ರಯತ್ನವೇ ಆಗಲಿಲ್ಲ ಎಂದಲ್ಲ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಜಿಟಿಆರ್‌ಇ, ಆರ್ಫಿಯಸ್‌ಗೆ ಆಫ್ಟರ್‌ಬರ್ನರ್ ಜೋಡಿಸಿತು. ಅದನ್ನು ಹೊತ್ತ ಮಾರುತ್ ಮಾದರಿಯನ್ನು ಹಾರಿಸುತ್ತಿದ್ದಾಗ 1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅಪಘಾತದಲ್ಲಿ ತೀರಿಕೊಂಡರು. ಮಾರುತ್‌ನ ಮೊದಲ ಹಾರಾಟ ಮಾಡಿದವರೂ ಅವರೇ. ಎಚ್‌ಎಎಲ್ ಕಡೆಯಿಂದ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟೋ ಜನರಿಗೆ ಆ ಹೆಸರು ಯಾರದೆಂದು ಗೊತ್ತಿಲ್ಲ. ಗೊತ್ತಿರಬೇಕು ಎಂದು ನನ್ನ ಆಸೆ.

ಕಾವೇರಿ ಎಂಜಿನ್‌ಗೆ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ, ಸುಮಾರು 383 ಕೋಟಿ ರೂಪಾಯಿಗೆ. ಗುರಿ 81 ಕಿಲೋನ್ಯೂಟನ್, ಅಂದರೆ ಎಂಟು ಟನ್‌ಗಿಂತ ಸ್ವಲ್ಪ ಜಾಸ್ತಿ. ತೈಹಾಂಗ್‌ಗಿಂತ ಕೆಲವೇ ವರ್ಷ ಚಿಕ್ಕದು ಕಾವೇರಿ. ತೂಕ ಹೆಚ್ಚಾಯಿತು, ಬಲ ಕಡಿಮೆ ಬಿತ್ತು. 2008ರಲ್ಲಿ ತೇಜಸ್‌ನಿಂದ ಅದನ್ನು ಬೇರೆ ಮಾಡಿದರು. 2010ರಲ್ಲಿ ಮಾಸ್ಕೋ ಬಳಿ ಇಲ್ಯುಷಿನ್-76 ವಿಮಾನಕ್ಕೆ ಕಟ್ಟಿ ಹಾರಿಸಿದರು. ಅಂದರೆ ಎಂಜಿನ್ ಇಲ್ಲಿಂದ ರಷ್ಯಾಕ್ಕೆ ಹೋಗಬೇಕಾಯಿತು. ಎತ್ತರದ ಗಾಳಿಯನ್ನು ನೆಲದ ಮೇಲೆಯೇ ಸೃಷ್ಟಿಸಿ ಎಂಜಿನ್ ಓಡಿಸುವ ಪರೀಕ್ಷಾ ಕೋಣೆ ನಮ್ಮಲ್ಲಿ ಇರಲಿಲ್ಲ. ಹಾರಿಸಿ ನೋಡುವ ಪರೀಕ್ಷಾ ವಿಮಾನವೂ ಇರಲಿಲ್ಲ. ಚೀನಾ ಅಂಥ ಕೋಣೆಯ ಕೆಲಸವನ್ನು ಸಿಚುವಾನ್‌ನ ಜಿಯಾಂಗ್ಯುವಿನಲ್ಲಿ 1965ರಲ್ಲೇ ಶುರು ಮಾಡಿತ್ತು. ಮುಗಿದದ್ದು 1995ರಲ್ಲಿ. ಮೂವತ್ತು ವರ್ಷ. ಆ ಕೋಣೆಯ ಹೆಸರು ಯಾವ ಪತ್ರಿಕೆಯ ಮುಖಪುಟದಲ್ಲೂ ಬರಲಿಲ್ಲ. ಆದರೆ ಜುಹಾಯ್‌ನ ಆಕಾಶದಲ್ಲಿ ಕಂಡ ಗರಗಸದ ಹಲ್ಲಿಗೆ ದಾರಿ ಅದರ ಮೂಲಕವೇ ಹೋಗಿದೆ.

ನಮ್ಮಲ್ಲೂ ಕೆಲಸ ನಿಂತಿಲ್ಲ. ಹೈದರಾಬಾದಿನ ಲೋಹ ಸಂಶೋಧನಾಲಯ ಹೆಲಿಕಾಪ್ಟರ್ ಎಂಜಿನ್‌ಗೆ ಬೇಕಾದ ಒಂಟಿ ಹರಳಿನ ಬ್ಲೇಡುಗಳನ್ನು ಮಾಡಿ 2021ರಲ್ಲಿ ಎಚ್‌ಎಎಲ್‌ಗೆ ಕೊಟ್ಟಿತು. ಆಫ್ಟರ್‌ಬರ್ನರ್ ಇಲ್ಲದ ಕಾವೇರಿಯನ್ನು ಪೈಲಟ್ ಇಲ್ಲದ ವಿಮಾನಕ್ಕೆ ಪಳಗಿಸುತ್ತಿದ್ದಾರೆ. ರಡಾರ್‌ಗೆ ಸಿಗದ ನಮ್ಮದೇ ವಿಮಾನ ಎಎಂಸಿಎ ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿದೆ. ಅದರ ಮೊದಲ ಮಾದರಿಗಳು ಹಾರುವುದು ಅಮೆರಿಕದ ಎಫ್414 ಎಂಜಿನ್‌ನಲ್ಲಿ. ಮುಂದಿನ ರೂಪಕ್ಕೆ 120 ಕಿಲೋನ್ಯೂಟನ್ ವರ್ಗದ ಹೊಸ ಎಂಜಿನ್ ಮಾಡಲು ಫ್ರಾನ್ಸಿನ ಸಾಫ್ರಾನ್ ಜೊತೆ ಹೆಜ್ಜೆ ಇಡುತ್ತಿರುವುದಾಗಿ 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಹೇಳಿದರು. ಮೊದಲು ಸಾಲದ ಎಂಜಿನ್, ಆಮೇಲೆ ತಮ್ಮದು. ಜೆ-20 ನಡೆದ ದಾರಿಯೇ ಇದು. ಆ ಎರಡನೇ ಎಂಜಿನ್ ಓಡಿಸಿ ನೋಡಲು ಬೇಕಾದ ಪರೀಕ್ಷಾ ಕೋಣೆಯ ಪಾಯ ಅಗೆಯಬೇಕಾದ್ದು ಎಎಂಸಿಎ ಹಾರಿದ ಮೇಲಲ್ಲ, ಹಾರುವ ಮೊದಲು.